ನಕಾಶೆಯಲ್ಲಿ ಇಲ್ಲದ ಕಿಟಕಿ

ಮಾರ್ಚ್ 4

ನಕಾಶೆ ಬರೆದವರಿಗೆ,

ಒಂಬತ್ತು ವರ್ಷದ ಮೇಲೆ ತಂಗಿಗೆ ಕಾಗದ ಬರೆಯುವ ಅಣ್ಣ ಮೊದಲು ಹೇಗಿದ್ದೀಯ ಎಂದು ಕೇಳಬೇಕು. ನನಗೂ ಅಷ್ಟು ತಿಳಿಯುತ್ತದೆ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ, ಅದನ್ನು ಕೇಳದೆ ಬೇರೆ ಮಾತು ಬರುತ್ತಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ನಮ್ಮ ಬೀದಿಗಳಿಗೆ ಭಾಗ್ಯ ಬಂದಿದೆ. ನಿನಗೆ ಗೊತ್ತೇ ಇರಬೇಕು, ಅದನ್ನು ತಂದವರು ನಿಮ್ಮ ಆಫೀಸಿನವರೇ. ಉಕ್ಕು ಕಾಯಿಸುತ್ತಿದ್ದವರು ಈಗ ಪಾರಂಪರಿಕ ಪ್ರದೇಶದ ನಿವಾಸಿಗಳು. ಬೀದಿಯ ಬಾಯಲ್ಲಿ ಫಲಕ ಹಾಕಿದ್ದಾರೆ. ಭಾನುವಾರ ಬಸ್ಸಿನಲ್ಲಿ ಜನ ಬರುತ್ತಾರೆ. ಮೊನ್ನೆ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದೆ, ಕೊಡೆ ಹಿಡಿದ ಹುಡುಗಿಯೊಬ್ಬಳು ನನ್ನ ಕಡೆಗೇ ಕೈ ತೋರಿಸಿ, “ಇಲ್ಲಿ ಕುಲುಮೆ ಕೆಲಸದೋರು ವಾಸ ಮಾಡ್ತಿದ್ರು” ಎಂದಳು. ಮಾಡ್ತಿದ್ರಂತೆ! ಬಾಯಿ ತುಂಬ ನೊರೆ ಇಟ್ಟುಕೊಂಡು ಕೈ ಮುಗಿದೆ. ಫೋಟೋ ತೆಗೆದುಕೊಂಡು ಹೋದರು.

ಅದಿರಲಿ. ಹೋದ ವಾರ ನಿಮ್ಮ ಇನ್‌ಸ್ಪೆಕ್ಟರು ಬಂದಿದ್ದರು. ಕೈಯಲ್ಲಿ ಯಾವಾಗಲೂ ರಸಮಟ್ಟ ಹಿಡಿದು, ಗೋಡೆ ಕಂಡಲ್ಲೆಲ್ಲ ಇಟ್ಟು ನೋಡುವುದರಿಂದ ಅವರಿಗೆ ಬೀದಿಯಲ್ಲಿ ರಸಮಟ್ಟ ಎಂದೇ ಹೆಸರು. ನಮ್ಮ ಮನೆ ಮುಂದೆ ಬಂದವರು ಅಲ್ಲೇ ನಿಂತರು. “ಈ ಕಿಟಕಿ ನಕಾಶೆಯಲ್ಲಿ ಇಲ್ವಲ್ಲ? ಸಮೀಕ್ಷೆ ಆದ್ಮೇಲೆ ಒಡೆದಿದ್ದೀರಿ. ತೊಂಬತ್ತು ದಿನದಲ್ಲಿ ಮುಚ್ಚಿಸಿ. ಸಾಲಿನ ಹದಿನೆಂಟು ಮನೆ ಮುಖಾನೂ ಒಂದೇ ಥರ ಇರ್ಬೇಕು. ಒಂದು ಕೆಟ್ರೂ ಇಡೀ ಸಾಲು ಪಟ್ಟಿಯಿಂದ ಹೋಗುತ್ತೆ” ಎಂದರು. ಪಟ್ಟಿಯಿಂದ ಹೋದರೆ ಏನಾಗುತ್ತದೆಂದು ಇಲ್ಲಿ ಎಲ್ಲರಿಗೂ ಗೊತ್ತು. ಕಾರ್ಖಾನೆಯ ಜಾಗದಲ್ಲಿ ಗೋದಾಮು ಕಟ್ಟುತ್ತಿರುವವರು ನಮ್ಮ ಸಾಲನ್ನು ಕೆಡವಿ ಲಾರಿಗೆ ದಾರಿ ಮಾಡಲು ಕಾಯುತ್ತಿದ್ದಾರೆ.

ನಾನು ಗಲಾಟೆ ಮಾಡಿದೆ. “ಸ್ವಾಮಿ, ನಿಮ್ಮ ಸಮೀಕ್ಷೆ ಆಗಿ ಒಂದೂವರೆ ವರ್ಷ ಆಗಿಲ್ಲ. ಈ ಕಿಟಕಿಗೆ ಮೂರು ವರ್ಷ ದಾಟಿದೆ. ನಕಾಶೆ ಬರೆದೋರಿಗೆ ಕಣ್ಣಿರಲಿಲ್ವಾ?” ಎಂದೆ. ಅವರು ಹಾಳೆ ಬಿಚ್ಚಿ ತೋರಿಸಿದರು. ಹದಿನೆಂಟು ಬಾಗಿಲು, ಹದಿನೆಂಟು ಮೆಟ್ಟಿಲು, ಎಲ್ಲ ಚೆನ್ನಾಗಿ ಬಂದಿದೆ. ನಮ್ಮ ಏಳನೇ ನಂಬರಿನ ಗೋಡೆಯೂ ಮಿಕ್ಕವುಗಳ ಹಾಗೇ ಬೋಳು. ಕೆಳಗೆ ಮೂಲೆಯಲ್ಲಿ ಬರೆದವರ ಸಹಿ. ಅಂಕಿಗಳ ಕೆಳಗೆ ಪುಟ್ಟ ಬಾಲ ಬಿಡುವ ಅಭ್ಯಾಸ ಅಡುಗೆಮನೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಮಾಡುವ ಕಾಲದಿಂದಲೂ ನಿನಗಿತ್ತು. ಸಹಿ ಓದುವ ಮೊದಲೇ ಗುರುತು ಸಿಕ್ಕಿತು.

ಸಹಿಯ ಪಕ್ಕದಲ್ಲಿ ತಾರೀಖು ಇದೆ. ಹೋದ ವರ್ಷಕ್ಕೂ ಹಿಂದಿನ ವರ್ಷ, ಅಕ್ಟೋಬರ್ 11.

ಅಮ್ಮ ಹೋದದ್ದು ಅದೇ ನವೆಂಬರ್ 2ಕ್ಕೆ. ಯಾರಾದರೂ ನಿನಗೆ ಹೇಳಿರಬೇಕು ಎಂದುಕೊಂಡಿದ್ದೇನೆ.

ಕೇಳಬೇಕಾದದ್ದು ಇಷ್ಟೇ. ಅಕ್ಟೋಬರ್ 11ರಂದು ನೀನು ಈ ಊರಿನಲ್ಲಿ ಇದ್ದೆಯಾ?

ಫೋನು ಮಾಡಬೇಡ. ಕುಲುಮೆಯ ಗಾಳಿಯಂತ್ರದ ಪಕ್ಕದಲ್ಲಿ ಇಪ್ಪತ್ತು ವರ್ಷ ಗಾರೆ ಕೆಲಸ ಮಾಡಿದ ಕಿವಿಗೆ ಫೋನಿನಲ್ಲಿ ಗುಂಯ್ ಎನ್ನುವುದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಬರೆ.

ಅಣ್ಣ


ಮಾರ್ಚ್ 19

ಅಣ್ಣನವರಿಗೆ,

ನನಗೆ ಯಾರೂ ಹೇಳಿರಲಿಲ್ಲ.

ನಿಮ್ಮ ಕಾಗದ ಆಫೀಸಿನ ಟಪಾಲಿನ ಜೊತೆ ಬಂತು. ಮೇಜಿನ ಮೇಲೆ ಬೇರೆಯವರ ಅರ್ಜಿಗಳ ನಡುವೆ ಇಟ್ಟುಕೊಂಡು ಓದಿದೆ. ಆ ಸಾಲು ಬಂದಾಗ ಓದುವುದು ನಿಲ್ಲಿಸಿ ಪೆನ್ಸಿಲ್ ಹೆರೆಯತೊಡಗಿದೆ. ಪಕ್ಕದ ಮೇಜಿನವರು “ಅದರಲ್ಲಿ ಇನ್ನೇನು ಉಳಿದಿದೆ ಮೇಡಂ?” ಎಂದು ಕೇಳಿದ ಮೇಲೆ ನೋಡಿಕೊಂಡೆ, ಬೆರಳಿನಷ್ಟು ಉಳಿದಿತ್ತು. ಅಮ್ಮ ಇಲ್ಲದ ಹದಿನಾರು ತಿಂಗಳು ನಾನು ಅಮ್ಮ ಇದ್ದಾಳೆ ಎಂದುಕೊಂಡೇ ಬದುಕಿದ್ದೇನೆ. ಅವಳಿಗೆ ಹೇಳಬೇಕು ಎಂದು ಸಣ್ಣಪುಟ್ಟ ಸುದ್ದಿಗಳನ್ನು ಕೂಡಿಟ್ಟುಕೊಂಡಿದ್ದೆ. ಇನ್ನು ಅವುಗಳನ್ನು ಏನು ಮಾಡಲಿ?

ಏನಾಗಿತ್ತು ಅವಳಿಗೆ? ಎಷ್ಟು ದಿನ? ನನಗೆ ಯಾಕೆ ತಿಳಿಸಲಿಲ್ಲ?

ಕಿಟಕಿಯ ವಿಚಾರ. ನಿಯಮ ಹೀಗಿದೆ: ಸಮೀಕ್ಷೆಯ ದಿನ ಇದ್ದದ್ದು ಹಾಳೆಯಲ್ಲಿ ನಮೂದಾಗಿದ್ದರೆ ಉಳಿಯಬಹುದು. ನಮೂದಾಗದೆ ಇದ್ದರೆ ಆಮೇಲೆ ಮಾಡಿದ್ದು ಎಂದು ಲೆಕ್ಕ, ಅದು ಹೋಗಬೇಕು. ನಾನು ನೋಡುತ್ತೇನೆ. ಮೂಲೆಯಲ್ಲಿರುವುದು ಹಾಳೆ ಮುಗಿಸಿದ ತಾರೀಖು ಅಷ್ಟೆ.

ಮುಂದಿನ ಕೋಣೆಯ ಬೀದಿ ಕಡೆಯ ಗೋಡೆಗೆ ಕಿಟಕಿಯೇ ಇರಲಿಲ್ಲವಲ್ಲ. ಅಲ್ಲಿ ಅಪ್ಪನ ಮಂಚ ಇತ್ತು, ಮೇಲೆ ಅಂಗಿ ತೂಗುಹಾಕುವ ಗೂಟಗಳು ಇದ್ದವು. ಅಲ್ಲಿ ಯಾಕೆ ಕಿಟಕಿ ತೆಗೆದಿರಿ?

ಇಂತಿ,
ನಿಮ್ಮ ತಂಗಿ


ಮಾರ್ಚ್ 30

ಪೆನ್ಸಿಲ್,

ಹಾಗೆ ಬರೆದದ್ದು ತಪ್ಪಾಯಿತು. ನಿನ್ನ ಅತ್ತಿಗೆ ನಿನ್ನ ಕಾಗದ ಓದಿ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ, “ಹೆತ್ತ ತಾಯಿ ಸತ್ತಿದ್ದನ್ನ ಕಿಟಕಿ ತಕರಾರಿನ ಮಧ್ಯ ಬರೀತಾರಾ?” ಎಂದಳು. ನಿನಗೆ ಗೊತ್ತಿರುತ್ತದೆ ಎಂದುಕೊಂಡಿದ್ದೆ ಎಂದೆ. “ಯಾರು ಹೇಳಿದ್ರು ಅಂತ ಗೊತ್ತಿರುತ್ತೆ?” ಎಂದಳು.

ಯಾವಾಗಿನಿಂದ ನನಗೆ ಬಹುವಚನ? ಗೇಟಿನ ದಿನದಿಂದಲೋ? ಆ ದಿನದ ಮಾತು ನಿನಗೆ ನೆನಪಿರುವಷ್ಟೇ ನನಗೂ ನೆನಪಿದೆ. ಮುಷ್ಕರಕ್ಕೆ ಐವತ್ತನೇ ದಿನ. ನಾವೆಲ್ಲ ಗೇಟಿಗೆ ಅಡ್ಡ ಕುಳಿತಿದ್ದೆವು. ನೀನು ಕೆಲಸ ಮಾಡುತ್ತಿದ್ದ ನಕಾಶೆ ಕೋಣೆಯ ನಾಲ್ಕು ಜನರ ಜೊತೆ ತಲೆ ತಗ್ಗಿಸಿಕೊಂಡು ಒಳಗೆ ಹೋದೆ. ಪಕ್ಕದವನು “ನಿನ್ನ ತಂಗಿ ಅಲ್ವೇನೋ?” ಎಂದ. ನಾನು ಎಲ್ಲರಿಗೂ ಕೇಳುವ ಹಾಗೆ, “ಅವಳು ನಮ್ಮನೆಯವಳಲ್ಲ” ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೀನು ಒಳಗೆ ಹೋದದ್ದರಿಂದ ಕಾರ್ಖಾನೆ ಮುಚ್ಚಲಿಲ್ಲ, ನಾನು ಹೊರಗೆ ಕುಳಿತದ್ದರಿಂದ ಉಳಿಯಲೂ ಇಲ್ಲ. ವಾರದೊಳಗೆ ನೀನು ಊರು ಬಿಟ್ಟೆ.

ಅಮ್ಮನಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ನೀರು ತರಲು ಹೋಗಿ ನಲ್ಲಿ ಹತ್ತಿರ ಬಿದ್ದಳು. ಬಲಗೈ, ಬಲಗಾಲು, ಅರ್ಧ ನಾಲಿಗೆ, ಮೂರೂ ಹೋದವು. ಎರಡು ವರ್ಷ ಅಪ್ಪನ ಮಂಚದ ಮೇಲೆ ಮಲಗಿದ್ದಳು. ಹೇನು ಬೀಳಬಾರದೆಂದು ನಿನ್ನ ಅತ್ತಿಗೆ ಕೂದಲು ಕತ್ತರಿಸಿದಳು. ನಿನ್ನ ಅತ್ತಿಗೆ ಮಾಡಿದಷ್ಟು ಸೇವೆಯನ್ನು ನಾನಂತೂ ಮಾಡಲಿಲ್ಲ, ನಾನು ಮಾಡಿದ್ದು ಗೋಡೆ ಒಡೆಯುವ ಕೆಲಸ ಒಂದೇ.

ಮಲಗಿದ ಮೊದಲ ತಿಂಗಳು ಅವಳು ಎಡಗೈಯಿಂದ ಗೋಡೆ ತಟ್ಟುತ್ತಿದ್ದಳು. ನೀರು ಬೇಕಾ ಅಂದರೆ ಇಲ್ಲ, ಸೆಕೆಯಾ ಅಂದರೆ ಇಲ್ಲ. ಕೊನೆಗೆ ಬಾಯಿ ಸೊಟ್ಟ ಮಾಡಿಕೊಂಡು, “ಬೀ...ದಿ” ಎಂದಳು. ನೀನು ಬಂದರೆ ಕಾಣಬೇಕಲ್ಲ, ಅದಕ್ಕೆ. ಮರುದಿನವೇ ಉಳಿ ಸುತ್ತಿಗೆ ತೆಗೆದೆ. ಕಂಪನಿ ಕಟ್ಟಿದ ಗೋಡೆ, ಒಂದೂವರೆ ಅಡಿ ದಪ್ಪ, ಹಳೇ ಸುಣ್ಣದ ಗಾರೆ, ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಮಂಚವನ್ನು ಆಚೆ ಗೋಡೆಗೆ ಸರಿಸಿ ಅವಳ ಮೇಲೆ ಚಾದರ ಹೊದಿಸಿದ್ದೆವು. ಚಾದರ ಸರಿಸಿ ಸರಿಸಿ ನೋಡುತ್ತಿದ್ದಳು. ಮೊದಲ ಇಟ್ಟಿಗೆ ಆಚೆಗೆ ಬಿದ್ದು ಬೆಳಕು ಬಂದಾಗ ಅಮ್ಮ ನಕ್ಕಳು, ಅರ್ಧ ಬಾಯಲ್ಲಿ. ಮಲಗಿದವರ ಕಣ್ಣಿನ ಎತ್ತರಕ್ಕೆ ಸರಿಯಾಗಿ ಇಟ್ಟೆ. ನಿಂತವರಿಗೆ ಅದು ಮೊಣಕಾಲಿಗೆ ಬರುತ್ತದೆ, ಬಂದವರೆಲ್ಲ ಇದೆಂಥ ಕಿಟಕಿ ಎಂದು ನಗುತ್ತಾರೆ. ಈಗ ಗೊತ್ತಾಯಿತಲ್ಲ ಯಾಕೆ ಎಂದು.

ತಿಳಿಸಲಿಲ್ಲ ಎಂದು ಬರೆದಿದ್ದೀಯ. ನೀನು ಮೊದಲು ಇಳಿದುಕೊಂಡಿದ್ದ ಮನೆಯ ವಿಳಾಸಕ್ಕೆ ಮೂರು ಕಾಗದ ಹಾಕಿದ್ದೆ. ಒಂದಕ್ಕೂ ಉತ್ತರ ಬರಲಿಲ್ಲ.

ಅಕ್ಟೋಬರ್ 11ರ ಪ್ರಶ್ನೆಗೂ ಬರಲಿಲ್ಲ ಉತ್ತರ.

ಅಣ್ಣ


ಏಪ್ರಿಲ್ 15

ಅಣ್ಣಾ,

ನಿನ್ನ ಕಾಗದ ಬಂದ ಭಾನುವಾರವೇ ಆ ಹಳೇ ಮನೆಗೆ ಹೋಗಿದ್ದೆ. ಎರಡು ಬಸ್ಸು ಬದಲಾಯಿಸಬೇಕು. ಮನೆಯೊಡತಿ ಈಗಲೂ ಇದ್ದಾರೆ, ಗುರುತು ಹಿಡಿದರು. ಬಿಟ್ಟುಹೋದ ಬಾಡಿಗೆದಾರರಿಗೆ ಬಂದ ಕಾಗದಗಳನ್ನೆಲ್ಲ ಅವರು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಾರೆ, ಒಂದನ್ನೂ ಬಿಸಾಡಿದವರಲ್ಲ. ನೆಲದ ಮೇಲೆ ಸುರಿದುಕೊಂಡು ಇಬ್ಬರೂ ಒಂದೊಂದಾಗಿ ನೋಡಿದೆವು. ಯಾರದೋ ಮದುವೆ ಕರೆಯೋಲೆ, ಯಾರಿಗೋ ಬಂದ ಪರೀಕ್ಷೆಯ ಫಲಿತಾಂಶ. ಎರಡು ಸಲ ನೋಡಿದೆವು. “ಬಂದಿದ್ರೆ ಇಲ್ಲೇ ಇರ್ಬೇಕಿತ್ತಮ್ಮಾ” ಎಂದು ಅವರೇ ಪೇಚಾಡಿಕೊಂಡರು. ಅಂಚೆಯವರ ಮೇಲೆ ಬಹಳ ಸಿಟ್ಟು ಬಂತು. ಮೂರರಲ್ಲಿ ಒಂದಾದರೂ ಬರಬಾರದಿತ್ತೇ?

ನಾನೂ ಬರೆದಿದ್ದೆ ಅಣ್ಣ. ಊರು ಬಿಟ್ಟ ವರ್ಷ ಒಂದು, ಅದರ ಮರುವರ್ಷ ಒಂದು, ಎರಡೂ ಅಮ್ಮನ ಹೆಸರಿಗೆ. ಎರಡೂ ವಾಪಸು ಬಂದವು. ಮೇಲೆ ಕೆಂಪು ಶಾಯಿಯಲ್ಲಿ “ಈ ವಿಳಾಸದಲ್ಲಿ ಇಲ್ಲ” ಎಂದು ಬರೆದಿತ್ತು. ಕಾರ್ಖಾನೆ ಮುಚ್ಚಿತು, ಮನೆ ಬಿಡಿಸಿರಬೇಕು, ಎಲ್ಲಿಗೋ ಹೋಗಿದ್ದೀರಿ, ಎಲ್ಲಿಗೆ ಹೋದಿರೆಂದು ನನಗೆ ತಿಳಿಸುವ ಮನಸ್ಸು ನಿಮಗಿಲ್ಲ ಎಂದುಕೊಂಡೆ. ಆಮೇಲೆ ಬರೆಯಲಿಲ್ಲ. ಆ ಎರಡನ್ನೂ ಒಡೆಯದೆ ಇಟ್ಟುಕೊಂಡಿದ್ದೆ, ಇದರ ಜೊತೆ ಕಳಿಸುತ್ತಿದ್ದೇನೆ. ನನ್ನ ಬಳಿ ಇದ್ದು ಉಪಯೋಗವಿಲ್ಲ.

ಅತ್ತಿಗೆಗೆ ಹೇಳು, ಅವರ ಕಾಲು ಹಿಡಿದುಕೊಳ್ಳುವಷ್ಟು ಋಣ ನನ್ನ ಮೇಲಿದೆ ಎಂದು.

ಕಿಟಕಿಯ ಬಗ್ಗೆ ಆತುರಪಡಬೇಡ. ಮೇ ಕೊನೆಯವರೆಗೆ ಸಮಯವಿದೆ. ಅದು ಯಾಕೆ ಮಾಡಿದ್ದೆಂದು ತಿಳಿದ ಮೇಲೆ ಅದನ್ನು ಮುಚ್ಚಿಸಲು ನನ್ನಿಂದಾಗದು.

ತಂಗಿ


ಏಪ್ರಿಲ್ 24

ಪೆನ್ಸಿಲ್,

ಅಂಚೆಯವರನ್ನು ಬೈಯಬೇಡ. ಬೈಯುವುದಾದರೆ ನನ್ನನ್ನು ಬೈ. ಇದನ್ನು ಬರೆಯಲು ನಾಲ್ಕು ಸಲ ಕುಳಿತೆ, ನಾಲ್ಕು ಸಲ ಎದ್ದೆ. ನೀನು ನೆಲದ ಮೇಲೆ ಕುಳಿತು ಯಾರ್ಯಾರದೋ ಕಾಗದ ಹುಡುಕಿದೆ ಎಂದು ಓದಿದ ಮೇಲೆ ಏಳಲಿಕ್ಕೂ ಆಗಲಿಲ್ಲ.

ನಾನು ಒಂದು ಕಾಗದವನ್ನೂ ಹಾಕಿಲ್ಲ. ಮೂರು ಎಂದು ಬರೆದದ್ದು ಸುಳ್ಳು.

ನಿನ್ನ ಎರಡು ಕಾಗದ ವಾಪಸು ಕಳಿಸಿದವನೂ ನಾನೇ. ಅಂಚೆಯವನು ಬಾಗಿಲಿಗೆ ಬಂದು, “ಅಮ್ಮನ ಹೆಸರಿಗೆ ಬಂದಿದೆ” ಎಂದ. ಹಿಂದೆ ನಿನ್ನ ಹೆಸರು ನೋಡಿದೆ. “ಆ ಹೆಸರಿನೋರು ಇಲ್ಲಿಲ್ಲ, ಹಾಗಂತ ಬರೆದು ವಾಪಸ್ ಕಳಿಸಿಬಿಡು” ಎಂದೆ. ಅವನು ನನ್ನ ಮುಖ ನೋಡಿದ. ಒಳಗೆ ಅಮ್ಮ ಬಟ್ಟೆ ಮಡಿಸುತ್ತಿದ್ದಳು. ಎರಡನೇ ಸಲ ಅವನು ಕೇಳಲೂ ಇಲ್ಲ, ತಾನೇ ಬರೆದುಕೊಂಡು ಹೋದ. ಕಾರ್ಖಾನೆ ಹೋದ ಸಿಟ್ಟನ್ನು ತೀರಿಸಿಕೊಳ್ಳಲು ನನಗೆ ಬೇರೆ ಯಾರೂ ಸಿಕ್ಕಿರಲಿಲ್ಲ. ಮಾಲೀಕರು ಕೈಗೆ ಸಿಗುವವರಲ್ಲ, ನೀನು ಸಿಕ್ಕಿದೆ.

ಅಮ್ಮ ಮಲಗಿದ ಮೇಲೆ, “ಅವ...ಳಿಗೆ ಬರಿ” ಎಂದು ಶುರು ಮಾಡಿದಳು. ಬರೆಯುತ್ತೇನೆ ಎಂದೆ. ನಿಜವಾಗಿ ಬರೆಯಬೇಕೆಂದೇ ಕುಳಿತೆ. ಏನಂತ ಬರೆಯಲಿ? ವಾಪಸು ಕಳಿಸಿದ್ದು ನಾನೇ ಎಂದು ಬರೆಯಬೇಕಲ್ಲ. ಅಹಂಕಾರ ಅಡ್ಡ ಬಂತು, ಆಮೇಲೆ ನಾಚಿಕೆ ಅಡ್ಡ ಬಂತು. ಭಾನುವಾರ ಭಾನುವಾರ ಮಂಚದ ಪಕ್ಕದಲ್ಲಿ ಕಾಗದ ಇಟ್ಟುಕೊಂಡು ಕೂರುತ್ತಿದ್ದೆ. ಅವಳು ಅರ್ಧ ಅರ್ಧ ಮಾತು ಹೇಳುವಳು. ನಾನು ಕಾಗದದ ಮೇಲೆ ಪಕ್ಕದ ಮನೆಯ ಕ್ರೇನಿನವನ ಅಡುಗೆಮನೆ ಗೋಡೆಗೆ ಎಷ್ಟು ಇಟ್ಟಿಗೆ, ಎಷ್ಟು ಮರಳು ಎಂದು ಗೀಚುತ್ತಿದ್ದೆ. ಅವಳಿಗೆ ಅಷ್ಟು ಹತ್ತಿರದ್ದು ಕಾಣುತ್ತಿರಲಿಲ್ಲ, ದೂರದ್ದು ಮಾತ್ರ. ಮಡಿಸಿ ಕವರಿಗೆ ಹಾಕಿ, ಹೊರಗೆ ಹೋಗಿ ಒಂದು ಸುತ್ತು ಹಾಕಿ ಬರುತ್ತಿದ್ದೆ. “ಹಾಕಿ...ದ್ಯಾ?” “ಹಾಕಿದೆ ಅಮ್ಮ.” ನಿನ್ನ ಅತ್ತಿಗೆ ಬಾಗಿಲ ಹಿಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳಾದರೂ ಬರೆಯುತ್ತೇನೆಂದಳು, ಬರೆದರೆ ನನ್ನ ಮೇಲಾಣೆ ಎಂದೆ.

ನೂರು ಭಾನುವಾರ ಆಗಿರಬಹುದು.

ಇನ್ನೊಂದು ಇದೆ. ಅಕ್ಟೋಬರಿನಲ್ಲಿ ಒಂದು ದಿನ ನಾನು ಕೆಲಸದಿಂದ ಬಂದಾಗ ಅಮ್ಮ ಎದ್ದು ಕೂರಲು ನೋಡುತ್ತಿದ್ದಳು. “ಬಂ...ದ್ಲು. ನಲ್ಲಿ ಹ...ತ್ರ. ಟೇಪು” ಎಂದಳು. ನಾನು ನಿನ್ನನ್ನು ಕರೆದೇ ಇರಲಿಲ್ಲ. ಕರೆಯದವಳು ಎಲ್ಲಿಂದ ಬರುತ್ತಾಳೆ? ಪ್ರಪಂಚದಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದಷ್ಟು ಖಾತ್ರಿಯಾಗಿ ನನಗೆ ಅದು ಗೊತ್ತಿತ್ತು. ಅದಕ್ಕೇ ಗದರಿಸಿದೆ. “ಸುಮ್ನಿರಮ್ಮ, ನಿನ್ ಕಣ್ಣಿಗೆ ಏನೇನೋ ಕಾಣುತ್ತೆ” ಎಂದೆ. ಆ ದಿನದಿಂದ ಅವಳು ನಿನ್ನ ಹೆಸರು ಎತ್ತಲಿಲ್ಲ. ಭಾನುವಾರ ನಾನು ಕಾಗದ ತಂದರೆ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಮೂರು ವಾರ.

ನಿನ್ನ ಸಹಿಯ ಪಕ್ಕದ ತಾರೀಖು ನೋಡಿದ ಕ್ಷಣದಿಂದ ಅಮ್ಮ ಹೇಳಿದ ಟೇಪು ನನ್ನ ತಲೆಯಲ್ಲಿ ಸುತ್ತುತ್ತಿದೆ. ನಾನು ಹೇಳಬೇಕಾದದ್ದೆಲ್ಲ ಹೇಳಿದೆ. ಈಗ ನೀನು ಹೇಳು.

ನಿನ್ನ ಎರಡು ಕಾಗದ ಒಡೆದಿಲ್ಲ. ಒಡೆಯುವ ಹಕ್ಕು ನನಗಿಲ್ಲ.

ಅಣ್ಣ


ಮೇ 9

ಅಣ್ಣಾ,

ನಿನ್ನ ಕಾಗದ ಓದಿ ನಿನ್ನನ್ನು ಶಪಿಸಿದೆ. ಬಾಯಿಗೆ ಬಂದದ್ದೆಲ್ಲ ಬರೆದೆ, ನಾಲ್ಕು ಹಾಳೆ. ಎರಡು ದಿನ ಇಟ್ಟುಕೊಂಡು ಹರಿದುಹಾಕಿದೆ. ನನ್ನದನ್ನು ಕೇಳಿದ ಮೇಲೆ ನೀನು ಬೇಕಾದರೆ ನನಗೆ ನಾಲ್ಕು ಹಾಳೆ ಬರೆ.

ಇದ್ದೆ. ಅಕ್ಟೋಬರ್ 8ರಿಂದ 11ರವರೆಗೆ ಊರಿನಲ್ಲೇ ಇದ್ದೆ, ಕಂಪನಿಯ ಹಳೇ ಅತಿಥಿಗೃಹದಲ್ಲಿ. ಚಿಮಣಿ ಅಳೆದೆ, ಗೇಟು ಅಳೆದೆ, ನಕಾಶೆ ಕೋಣೆ ಅಳೆದೆ. ಒಂದನೇ ಸಾಲು, ಎರಡನೇ ಸಾಲು ಆಯಿತು. ನಮ್ಮ ಮೂರನೇ ಸಾಲನ್ನು ಕೊನೆಯ ದಿನಕ್ಕೆ ಇಟ್ಟುಕೊಂಡೆ. ನೀವು ಅಲ್ಲಿಲ್ಲ ಎಂದೇ ನಂಬಿದ್ದೆ, ಆದರೂ ಕಾಲು ಏಳುತ್ತಿರಲಿಲ್ಲ.

ಜೊತೆಯವನನ್ನು ಬೇರೆ ಕಡೆ ಕಳಿಸಿ ಒಬ್ಬಳೇ ಹೋದೆ. ಟೇಪಿನ ತುದಿಯನ್ನು ನಲ್ಲಿಗೆ ಸಿಕ್ಕಿಸಿ ಬೀದಿಯ ಅಗಲ ಅಳೆಯುತ್ತಿದ್ದೆ. ತಲೆ ಎತ್ತಿದರೆ ನಮ್ಮ ಗೋಡೆಯಲ್ಲಿ ಒಂದು ಕಿಟಕಿ. ಮೊಣಕಾಲಿನಷ್ಟು ಕೆಳಗೆ, ಯಾವ ಲೆಕ್ಕಕ್ಕೂ ಸೇರದ ಕಿಟಕಿ. ಕಾರ್ಖಾನೆಯಲ್ಲಿ ಆ ಸಾಲಿನ ಮೂಲ ಹಾಳೆಯನ್ನು ಟ್ರೇಸಿಂಗ್ ಕಾಗದದ ಮೇಲೆ ಎಷ್ಟು ಸಲ ಇಳಿಸಿದ್ದೆನೋ, ನನಗೆ ಕಣ್ಣು ಮುಚ್ಚಿದರೂ ಬರುತ್ತಿತ್ತು. ನಮ್ಮ ಮನೆಗೆ ಕಿಟಕಿ ಇಲ್ಲ, ಇದಕ್ಕಿದೆ, ಹಾಗಾದರೆ ಇದು ನಮ್ಮ ಮನೆಯಲ್ಲ. ಅಷ್ಟೇ ಯೋಚನೆ ಬಂದದ್ದು. ಬೇರೆ ಯಾರೋ ಬಂದಿದ್ದಾರೆ, ತಮಗೆ ಬೇಕಾದ ಹಾಗೆ ಗೋಡೆ ಒಡೆದುಕೊಂಡಿದ್ದಾರೆ ಎಂದುಕೊಂಡೆ.

ಕಿಟಕಿಯಲ್ಲಿ ಒಂದು ಮುಖ ಇತ್ತು. ಬೆಳ್ಳಗೆ, ಗಂಡಸಿನ ಹಾಗೆ ಕತ್ತರಿಸಿದ ಕೂದಲು. ನಾನು ಬಿಟ್ಟು ಬಂದ ಅಮ್ಮನಿಗೆ ಮೊಣಕಾಲು ಮುಟ್ಟುವ ಜಡೆ ಇತ್ತಲ್ಲ ಅಣ್ಣ. ಯಾರೋ ಅಜ್ಜಿ ಎಂದುಕೊಂಡೆ.

ಆ ಅಜ್ಜಿ ನನಗೆ ಕೈ ಎತ್ತಿದಳು. ಎಡಗೈ.

ನಾನೂ ಕೈ ಎತ್ತಿದೆ. ಪರಿಚಯ ಇಲ್ಲದವರಿಗೆ ಸೌಜನ್ಯಕ್ಕೆ ಎತ್ತುತ್ತೇವಲ್ಲ, ಹಾಗೆ. ಆಮೇಲೆ ಟೇಪು ಸುತ್ತಿಕೊಂಡು ಹಿಂದಿರುಗಿದೆ. ನನಗೂ ಆ ಕಿಟಕಿಗೂ ನಡುವೆ ಇದ್ದದ್ದು ಎಂಬತ್ತು ಹೆಜ್ಜೆ. ಅಕ್ಕಪಕ್ಕದಲ್ಲಿ ಯಾರನ್ನಾದರೂ ಕೇಳಬಹುದಿತ್ತು. ಕೇಳಿದರೆ, ನಿಮ್ಮನೆಯವರು ನಿನ್ನ ಹೆಸರೇ ಎತ್ತಬೇಡಿ ಎಂದು ಹೇಳಿ ಹೋಗಿದ್ದಾರೆ ಎನ್ನುತ್ತಾರೇನೋ ಎಂಬ ಭಯ. ಅಂದು ಸಂಜೆಯೇ ಅತಿಥಿಗೃಹದಲ್ಲಿ ಕುಳಿತು ಇಡೀ ಸಾಲನ್ನು ನೆನಪಿನಿಂದ ಬರೆದು ಸಹಿ ಹಾಕಿದೆ. ಕಿಟಕಿಯನ್ನು ಬೇಕೆಂದೇ ಬಿಟ್ಟೆ. ನಮ್ಮ ಮನೆಯಲ್ಲಿ ಬೇರೆಯವರ ಕಿಟಕಿ ನನಗೆ ಬೇಡವಾಗಿತ್ತು.

ನನ್ನ ಕಣ್ಣೆದುರಿಗೆ ಇದ್ದಳು ಅಣ್ಣ. ನನ್ನನ್ನು ನೋಡಲೆಂದೇ ಮಾಡಿದ ಕಿಟಕಿಯನ್ನು ನೋಡಿ ನಾನು ವಾಪಸು ಬಂದೆ.

ಈಗ ವಿಚಾರ ಹೀಗಿದೆ. ಹಾಳೆ ಅಳೆದು ಬರೆದದ್ದಲ್ಲ, ಕಿಟಕಿ ಅಂದೇ ಇತ್ತು ಎಂದು ನಾನು ಬರೆದುಕೊಟ್ಟರೆ ನಿನ್ನ ತಪ್ಪಿಲ್ಲ ಎಂದಾಗುತ್ತದೆ, ಕಿಟಕಿ ಉಳಿಯುತ್ತದೆ. ಆದರೆ ಹಾಳೆ ರದ್ದಾಗುತ್ತದೆ, ಹೊಸ ಸಮೀಕ್ಷೆ ಆಗುವವರೆಗೆ ಹದಿನೆಂಟೂ ಮನೆಗೆ ರಕ್ಷಣೆ ಇಲ್ಲ. ಗೋದಾಮಿನವರಿಗೆ ಅಷ್ಟು ಸಮಯ ಸಾಕು. ನನ್ನ ಕೆಲಸ ಹೋಗುತ್ತದೆ, ಅದು ಹೋಗಲಿ, ಅದರ ಚಿಂತೆ ನನಗಿಲ್ಲ. ಹೇಳಿಕೆ ಬರೆದು ಮೇಜಿನ ಖಾನೆಯಲ್ಲಿಟ್ಟಿದ್ದೇನೆ. ನೀನು ಕೊಡು ಎಂದರೆ ಅದೇ ದಿನ ಕೊಡುತ್ತೇನೆ. ನನ್ನಿಂದ ತೀರ್ಮಾನ ಮಾಡಲು ಆಗುತ್ತಿಲ್ಲ.

ನಿನ್ನ ತಂಗಿ


ಮೇ 27

ಪುಟ್ಟಿ,

ಹೇಳಿಕೆ ಹರಿದುಹಾಕು. ಕಿಟಕಿ ಮುಚ್ಚಿದೆ.

ಬೀದಿಯವರು ಒಬ್ಬರೂ ಮುಚ್ಚು ಎನ್ನಲಿಲ್ಲ. ಎಂಟನೇ ನಂಬರಿನ ಕ್ರೇನಿನವನ ಹೆಂಡತಿ ಬಂದು, “ಅಮ್ಮನ ಕಿಟಕಿ ಅಣ್ಣಾ, ಇರ್ಲಿ ಬಿಡಿ. ನಮ್ಮ ಮನೆಗಳು ಏನಾಗ್ಬೇಕು ಅಂತ ಇದ್ಯೋ ಅದಾಗುತ್ತೆ” ಎಂದಳು. ಅಮ್ಮನ ಬಟ್ಟೆಗಳನ್ನು ಎರಡು ವರ್ಷ ಒಗೆದುಕೊಟ್ಟವಳು ಅವಳು. ಹಾಗೆ ಹೇಳಿದವಳ ಮನೆಯನ್ನು ಲಾರಿ ಕೆಳಗೆ ಹಾಕಿ ನಾನು ಕಿಟಕಿ ಇಟ್ಟುಕೊಳ್ಳಲೇ? ಅವರೆಲ್ಲ ಜಗಳ ಆಡಿದ್ದರೆ ಬಹುಶಃ ಇಟ್ಟುಕೊಳ್ಳುತ್ತಿದ್ದೆ, ನನ್ನ ಬುದ್ಧಿ ನಿನಗೆ ಗೊತ್ತಲ್ಲ.

ಮುಚ್ಚುವ ಮೊದಲು ಮಂಚದ ಮೇಲೆ ಮಲಗಿ ನೋಡಿದೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಮಲಗಿ ನೋಡಿರಲಿಲ್ಲ. ನಲ್ಲಿ ಹತ್ತಿರ ಯಾರೋ ಕೊಡ ತೊಳೆಯುತ್ತಿದ್ದರು. ಬಳೆ ಹಸಿರೋ ಕೆಂಪೋ ಎನ್ನುವುದೂ ಕಾಣುತ್ತಿತ್ತು. ಅಮ್ಮನ ಕಣ್ಣಿಗೆ ಏನೂ ಆಗಿರಲಿಲ್ಲ.

ಹಾಗೆ ಮಲಗಿದ್ದಾಗಲೇ ನೆನಪಾಯಿತು. ಇಲ್ಲ, ನೆನಪಿತ್ತು, ಏನೆಂದು ಈಗ ತಿಳಿಯಿತು. ಆ ಅಕ್ಟೋಬರಿನ ದಿನ ಅವಳು ಟೇಪು ಎಂದು ಹೇಳಿ ಸುಮ್ಮನಾಗಲಿಲ್ಲ. ನಾನು ಗದರಿಸಿದ ಮೇಲೂ ಎಡಗೈ ಎತ್ತಿ ಅಲ್ಲಾಡಿಸಿದಳು. ಒಂದು ಸಲ ಅಲ್ಲ, ಮತ್ತೆ ಮತ್ತೆ. ತನ್ನ ಕೈ ತೋರಿಸುವಳು, ಬೀದಿ ತೋರಿಸುವಳು, ಮತ್ತೆ ಕೈ ಅಲ್ಲಾಡಿಸುವಳು. ನೀರು ಕೇಳುತ್ತಿದ್ದಾಳೆ ಎಂದು ನಾನು ಲೋಟ ಹಿಡಿದೆ. ಬೇಡ ಎಂದು ತಲೆ ಆಡಿಸಿದಳು. ನಾನು ಬಿಡಲಿಲ್ಲ, ಕುಡಿಸಿದೆ. ಕುಡಿದು ಸುಮ್ಮನಾದಳು.

ನೀನು ಕೈ ಬೀಸಿದೆ ಎಂದು ಹೇಳುತ್ತಿದ್ದಳು, ಪುಟ್ಟಿ.

ಮಗಳು ಬಂದಳು, ನನ್ನನ್ನು ನೋಡಿ ಕೈ ಬೀಸಿದಳು ಎಂದು ಸಂತೋಷದಿಂದ ಹೇಳಿದಳೋ, ನೋಡಿಯೂ ಒಳಗೆ ಬಾರದೆ ಹೋದಳು ಎಂದು ಹೇಳಿದಳೋ, ನನಗೆ ಗೊತ್ತಿಲ್ಲ. ಮೂರು ವಾರ ಅವಳು ಯಾವುದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಲಗಿದ್ದಳೋ ಗೊತ್ತಿಲ್ಲ. ನಿನಗೆ ಸಮಾಧಾನ ಆಗುವ ಹಾಗೆ ಬರೆಯಬಹುದಿತ್ತು. ಸುಳ್ಳು ಬರೆಯುವುದು ನನಗೆ ಚೆನ್ನಾಗಿ ಬರುತ್ತದೆ. ಇದೊಂದರಲ್ಲಿ ಬೇಡ ಅನಿಸಿತು.

ಬುಧವಾರ ಗೋಡೆ ಕಟ್ಟಿದೆ. ಸಿಮೆಂಟು ಹಾಕಿದರೆ ಬಣ್ಣ ಬೇರೆ ಕಾಣುತ್ತದೆಂದು ಎಂಟು ದಿನ ಮುಂಚೆಯೇ ಸುಣ್ಣ ನೆನೆಹಾಕಿದ್ದೆ. ಒಳಗಿನ ವರಸೆ ಮುಗಿಸಿ ಹೊರಗೆ ಹೋಗಿ ಮುಖದ ಇಟ್ಟಿಗೆ ಇಟ್ಟೆ. ನಿನ್ನ ಅತ್ತಿಗೆ ಇಟ್ಟಿಗೆ ಎತ್ತಿಕೊಟ್ಟಳು. ಕೊನೆಯ ಸಾಲಿಗೆ ಬಂದಾಗ ಕರಣೆ ಕೆಳಗಿಟ್ಟು ಅತ್ತುಬಿಟ್ಟೆ, ಬೀದಿಯ ನಡುವೆ, ಅಷ್ಟು ಜನರ ಎದುರಿಗೆ. ಬಸ್ಸಿನವರು ಇರಲಿಲ್ಲ, ಪುಣ್ಯ.

ಇಂದು ಬೆಳಿಗ್ಗೆ ರಸಮಟ್ಟ ಬಂದಿದ್ದರು. ಗೋಡೆಗೆ ಮಟ್ಟ ಇಟ್ಟು ನೋಡಿದರು, ಬೆರಳಿನಿಂದ ಸಂದು ಸಂದು ತಡವಿದರು, ನಿನ್ನ ಹಾಳೆ ಬಿಚ್ಚಿ ಹಿಡಿದು ಎರಡನ್ನೂ ನೋಡಿದರು. “ಭಾರೀ ಕೈ ನಿಮ್ದು. ಇಲ್ಲೊಂದು ಕಿಟಕಿ ಇತ್ತು ಅಂತ ಯಾರ ಅಪ್ಪನಿಗೂ ಗೊತ್ತಾಗಲ್ಲ” ಎಂದರು. ಮನಸ್ಸಿನಿಂದ ಹೇಳಿದ ಮಾತು. ಮೂವತ್ತು ವರ್ಷದ ಕೆಲಸದಲ್ಲಿ ನನ್ನನ್ನು ಅಷ್ಟು ಹೊಗಳಿದವರಿಲ್ಲ. ನಮಸ್ಕಾರ ಮಾಡಿದೆ.

ನಿನ್ನ ಎರಡು ಕಾಗದ ಮಂಚದ ಮೇಲಿವೆ. ನೀನು ಬಂದು ಒಡೆದು ಓದಬೇಕು, ಜೋರಾಗಿ ಓದು, ನನಗೂ ಕೇಳಿಸಬೇಕು. ಬಾ ಎಂದು ಕರೆಯುವ ಮುಖ ನನಗಿಲ್ಲ, ಆದರೂ ಕರೆಯುತ್ತಿದ್ದೇನೆ. ಬಾ.

ರಸಮಟ್ಟ ಹೋದ ಮೇಲೆ ಒಳಗೆ ಬಂದು ಇದನ್ನು ಬರೆಯಲು ಕುಳಿತೆ. ಹಗಲು ಹನ್ನೊಂದು ಗಂಟೆ. ಅಕ್ಷರ ಕಾಣಲಿಲ್ಲ, ಎದ್ದು ದೀಪ ಹಾಕಿದೆ.

ನಿನ್ನ
ಅಣ್ಣ